ಮೊಗ್ಗಿನ ಜಡೆಯ ಗಿಳಿ

ಅಕ್ಕನ ಮದುವೆಯ ಬೆಳಿಗ್ಗೆ, ಧಾರೆಗೆ ಮುಂಚೆ, ರಾವಂದೂರಿನ ನಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ ನಾನು ನಿಂತಿದ್ದೆ. ಅಕ್ಕನ ಮೊಗ್ಗಿನ ಜಡೆಯನ್ನು ಹೊಲಿದವಳು ವಿಧವೆಯಾದ ನಮ್ಮ ಸೋದರತ್ತೆ. ಅಕ್ಕನಿಗೆ ಇಷ್ಟವೆಂದು ಮಲ್ಲಿಗೆಯ ನಡುವೆ ಮರುಗದ ಹಸಿರು ಗಿಳಿಯೊಂದನ್ನು ಕೂರಿಸಿದ್ದಳು.

ಗಂಡಿನ ತಾಯಿ ಜಡೆ ಮುಟ್ಟಿ ನೋಡಿದರು. "ಗಿಳಿ ಈಗ ಮಾತಾಡ್ತದೆ ಅನ್ನಂಗದೆ! ಕಟ್ಟಿದೋರ್ನ ಕರೀರಿ, ಅರಿಸಿನ ಕುಂಕುಮ ಕೊಟ್ಬುಡ್ತೀನಿ."

ವಿಧವೆಯ ಕೈಯದೆಂದು ತಿಳಿದರೆ ಜಡೆ ಬಿಚ್ಚಿಸುತ್ತಾರೆಂದು ಅವ್ವ ಹೆದರಿದಳು. "ಹುಣಸೂರು ಹೂವಿನಂಗಡೀಲಿ ಕಟ್ಸಿದ್ದು ಕಣ್ರವ್ವ," ಎಂದಳು.

ನನ್ನ ಪಕ್ಕದಲ್ಲಿದ್ದ ಅತ್ತೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ಒಳಗಿನಿಂದಲೇ, "ಪ್ಯಾಟೆ ಕೆಲ್ಸ ಅಂದ್ರೆ ಪ್ಯಾಟೆದೇ ಬುಡಿ," ಎಂದು ದನಿಗೂಡಿಸಿದಳು.

ಇದನ್ನು ಕಂಡವರಲ್ಲಿ ನನ್ನ ಹೊರತು ಈಗ ಉಳಿದಿರುವವಳು, ಅಂದು ಆ ಜಡೆಯ ಭಾರಕ್ಕೆ ತಲೆ ಬಾಗಿಸಿ ಕುಳಿತಿದ್ದ ಅಕ್ಕ ಒಬ್ಬಳೇ.