ಎರಡರಿಂದ ಶುರುವಾದ ಎಣಿಕೆ

ದೆವ್ವ, ಗಾಳಿ, ಶಕುನ ಎಂಬ ಮಾತು ಬಂದಾಗಲೆಲ್ಲ ನಗುತ್ತಿದ್ದವಳು ನಾನು. ಈಗಲೂ ಯಾರಾದರೂ ಅಂಥ ಕಥೆ ಹೇಳಲು ದನಿ ತಗ್ಗಿಸಿದರೆ ನನಗೆ ಮೊದಲು ಬರುವುದು ಆಕಳಿಕೆ. ಸಾಫ್ಟ್‌ವೇರ್ ಪರೀಕ್ಷಿಸುವುದು ನನ್ನ ಹೊಟ್ಟೆಪಾಡು. ಪ್ರೋಗ್ರಾಂ ಒಮ್ಮೆ ಹೀಗೆ ಕೈಕೊಟ್ಟಿತು ಎಂದು ಯಾರಾದರೂ ಬಂದರೆ, ಎಲ್ಲಿ, ಇನ್ನೊಮ್ಮೆ ಮಾಡಿ ತೋರಿಸಿ ಅನ್ನುತ್ತೇನೆ. ತೋರಿಸಲಾಗದಿದ್ದರೆ ಆ ದೂರನ್ನು ಮುಚ್ಚಿಬಿಡುತ್ತೇನೆ. ಹಾಗೆ ನೋಡಿದರೆ ನನ್ನನ್ನು ನಂಬಿಸಲು ದೆವ್ವವೂ ಎರಡು ಸಲ ಬರಬೇಕು. ಆದರೆ ಒಂದೇ ಒಂದು ದೂರನ್ನು ಮಾತ್ರ ನಾನು ಇವತ್ತಿನವರೆಗೂ ಮುಚ್ಚಿಲ್ಲ. ನೀವು ಇದನ್ನು ನಂಬಬೇಕೆಂದು ಕೇಳುವುದಿಲ್ಲ, ನಾನೇ ಪೂರ್ತಿ ನಂಬಿಲ್ಲ.

ಅದಕ್ಕೆ ಮೊದಲು ನಮ್ಮ ಅಪ್ಪಾಜಿ ಎಣಿಸುತ್ತಿದ್ದ ರೀತಿಯನ್ನು ಹೇಳಬೇಕು. ಅವರಿಗೆ ದಾವಣಗೆರೆಯಲ್ಲಿ ಕಾಳಿನ ಅಂಗಡಿ ಇತ್ತು. ಸೇರಿನಲ್ಲಿ ಕಾಳು ಅಳೆಯುವಾಗ ಹಳಬರು ಯಾರೂ ‘ಒಂದು’ ಅನ್ನುತ್ತಿರಲಿಲ್ಲ. ಮೊದಲ ಸೇರಿಗೆ ‘ಲಾಭ’, ಆಮೇಲೆ ‘ಎರಡು’, ‘ಮೂರು’. ಅಪ್ಪಾಜಿ ಈ ಅಭ್ಯಾಸವನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತಿರಲಿಲ್ಲ, ಮಕ್ಕಳನ್ನೂ ಹಾಗೆಯೇ ಎಣಿಸುತ್ತಿದ್ದರು, ಅದೂ ಕಿರಿಯರಿಂದ ಹಿಡಿದು. ನಾಲ್ವರಲ್ಲಿ ನಾನು ಕೊನೆಯವಳು. ಹಾಗಾಗಿ ನಾನೇ ಲಾಭ. ಅಕ್ಕಂದಿರಿಗೆ ಇದರ ಬಗ್ಗೆ ಹೊಟ್ಟೆಕಿಚ್ಚೂ ಇತ್ತು.

ವರ್ಷಕ್ಕೊಮ್ಮೆ ಹಂಪಿಗೆ ಹೋಗುತ್ತಿದ್ದೆವು. ಬೆಳಿಗ್ಗೆಯೆಲ್ಲ ಬಿಸಿಲಲ್ಲಿ ಕಲ್ಲು ನೋಡುವುದು, ಮಧ್ಯಾಹ್ನ ತುಂಗಭದ್ರೆಯಲ್ಲಿ ಮುಳುಗುವುದು, ದಡದಲ್ಲಿ ಕೂತು ಬುತ್ತಿ ತಿನ್ನುವುದು. ಬುತ್ತಿ ಬಿಚ್ಚುವ ಮೊದಲು ಎಣಿಕೆ ಆಗಲೇಬೇಕು. ಒದ್ದೆ ತಲೆಗಳ ಮೇಲೆ ಒಂದೊಂದಾಗಿ ಕೈಯಿಟ್ಟು, “ಲಾಭ, ಎರಡು, ಮೂರು, ನಾಲ್ಕು” ಅನ್ನುವರು. ನಾನು ಎಲ್ಲೋ ಕಲ್ಲುಸಂದಿಯಲ್ಲಿ ಮೀನು ನೋಡುತ್ತ ಕೂತುಬಿಟ್ಟಿದ್ದರೆ ಹೆಸರು ಹಿಡಿದು ಕೂಗುತ್ತಿರಲಿಲ್ಲ. ಎದುರಿಗಿಲ್ಲದ ಲಾಭವನ್ನು ಬಾಯಲ್ಲಿ ಅನ್ನಬಾರದು ಎಂದು ಅವರ ನಂಬಿಕೆ. ಆಗ ಎರಡರಿಂದಲೇ ಶುರು ಮಾಡುವರು. “ಎರಡು, ಮೂರು, ನಾಲ್ಕು.” ಸ್ವಲ್ಪ ತಡೆದು ಮತ್ತೆ, ಇನ್ನೂ ಗಟ್ಟಿಯಾಗಿ, “ಎರಡು.” ಅದು ಕಿವಿಗೆ ಬಿದ್ದರೆ ನಾನು ಎಲ್ಲಿದ್ದರೂ ಎದ್ದೆನೋ ಬಿದ್ದೆನೋ ಎಂದು ಓಡಿಬರುತ್ತಿದ್ದೆ. ಬಂದವಳ ತಲೆಯ ಮೇಲೆ ಕೈಯಿಟ್ಟು “ಲಾಭ” ಅನ್ನುವರು. ಬೈಗುಳವಿಲ್ಲ, ಏಟಿಲ್ಲ. ಸ್ನಾನವಾದ ಮೇಲೂ ಆ ಕೈಗೆ ಜೋಳದ ವಾಸನೆ ಇರುತ್ತಿತ್ತು. ಇದನ್ನು ಬರೆಯುವಾಗಲೂ ನನಗೆ ಆ ವಾಸನೆ ಬೇಕೆನಿಸುತ್ತದೆ.

ನನ್ನ ಮದುವೆಗೆ ಮುಂಚೆಯೇ ಅಪ್ಪಾಜಿ ತೀರಿಕೊಂಡರು. ಆಮೇಲೆ ನನ್ನನ್ನು ಯಾರೂ ಹಾಗೆ ಎಣಿಸಲಿಲ್ಲ, ನಾನೂ ಯಾರನ್ನೂ ಎಣಿಸಲಿಲ್ಲ. ಮೈಸೂರಿನ ಶ್ರೀಧರನನ್ನು ಮದುವೆಯಾಗಿ ಮಲೇಷ್ಯಾಕ್ಕೆ ಬಂದೆ. ಸುಬಾಂಗ್ ಜಯಾದ ನಮ್ಮ ಮನೆಗೆ ಅಕ್ಕಿ ಬರುವುದು ಪ್ಲಾಸ್ಟಿಕ್ ಚೀಲದಲ್ಲಿ, ಅಳೆಯುವ ಪ್ರಮೇಯವೇ ಇಲ್ಲ. ಮಕ್ಕಳಿಬ್ಬರೂ ಇಲ್ಲೇ ಹುಟ್ಟಿದವರು. ನಾವು ಕನ್ನಡದಲ್ಲಿ ಕೇಳಿದರೆ ಅವರು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ.

ನಾನು ಹೇಳಹೊರಟದ್ದು ನಡೆದು ಹತ್ತು ಹನ್ನೆರಡು ವರ್ಷವಾಗಿರಬೇಕು. ದಾವಣಗೆರೆಯಿಂದ ನನ್ನ ಅಣ್ಣ ಬಂದಿದ್ದ. ಅಪ್ಪಾಜಿಯ ಅಂಗಡಿಯಲ್ಲಿ ಈಗ ಕೂರುವವನು ಅವನೇ. ಮಕ್ಕಳಿಗೆ ರಜೆ. ಒಂದು ವಾರ ಮಾಲ್‌ಗಳನ್ನು ಸುತ್ತಿಸಿದ ಮೇಲೆ ಅಣ್ಣ, “ಎಷ್ಟಂತ ಮಾಲ್ ನೋಡೋದವ್ವ, ಎಲ್ಲಾ ಒಂದೇ ನಮೂನಿ. ಏನಾರ ಹಳೇದು ತೋರ್ಸು” ಅಂದ. ಹಾಗಾಗಿ ಪೆನಾಂಗಿಗೆ ಹೋಗಿ ಎರಡು ದಿನ ಇದ್ದು, ಅಲ್ಲಿಂದ ಬುಜಾಂಗ್ ಕಣಿವೆಯ ಹಾಳು ದೇಗುಲಗಳನ್ನೂ ಬೆಟ್ಟದ ತಪ್ಪಲಿನ ಒಂದು ಮಡುವನ್ನೂ ತೋರಿಸಿ ಸಂಜೆಗೆ ವಾಪಸ್ ಬಿಡುವ ವ್ಯಾನು ಗೊತ್ತು ಮಾಡಿದೆವು. ವ್ಯಾನಿನಲ್ಲಿ ನಾವೇ ಐದು ಜನ. ಶ್ರೀಧರ, ನಾನು, ಅಣ್ಣ, ಮಗ ಚಿರಾಗ್, ಅವನ ತಂಗಿ ಆರು ವರ್ಷದ ಇಂಚರ. ಗೈಡು ವಯಸ್ಸಾದ ಮಲಾಯ್ ಮನುಷ್ಯ. ಎಲ್ಲರೂ ಅವರನ್ನು ಪಾಕ್ ಮಾನ್ ಅನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಗಾಡಿ ಓಡಿಸುವವರೂ ಅವರೇ.

ಸಾವಿರ ವರ್ಷದ ಹಿಂದೆ ಭಾರತದ ಕಡೆಯಿಂದ ಹಡಗಿನಲ್ಲಿ ಬಂದವರು ಕಟ್ಟಿದ್ದೆನ್ನುವ ಬುಜಾಂಗ್ ಕಣಿವೆಯ ದೇಗುಲಗಳಲ್ಲಿ ಹಂಪಿಯ ವೈಭವವೇನೂ ಇಲ್ಲ. ಮೊಣಕಾಲೆತ್ತರದ ಜಗತಿಗಳು, ಕಂಬ ನಿಲ್ಲಿಸುತ್ತಿದ್ದ ಕುಳಿಯ ಕಲ್ಲುಗಳು, ಸುತ್ತ ಕತ್ತರಿಸಿದ ಹುಲ್ಲು. ಮರದ ಕಂಬ, ಚಾವಣಿಗಳು ಎಂದೋ ಮಣ್ಣಾಗಿವೆ. ಚಿರಾಗ್ ಎರಡೇ ನಿಮಿಷಕ್ಕೆ “ವೇರ್ ಇಸ್ ದ ಟೆಂಪಲ್?” ಎಂದು ಕೇಳಿದ. ಅಣ್ಣ ಮಾತ್ರ ಒಂದು ಕಲ್ಲಿನ ಮುಂದೆ ನಿಂತುಬಿಟ್ಟ. ಅಭಿಷೇಕದ ನೀರು ಹರಿದುಹೋಗಲು ಕಡೆದ ತೂಬು ಅದು. “ಈಟು ದೂರ ಬಂದು ನೀರು ಹಾಕಿ ತೊಳದಾರಲ್ಲ ತಂಗಿ, ಅವರ ಮಕ್ಕಳುಮರಿ ಎಲ್ಲೋದ್ರೋ” ಅಂದ. ಅವನ ಕಣ್ಣು ಒದ್ದೆಯಾಗಿತ್ತು. ನನಗೂ ಹಂಪಿಯ ಬಿಸಿಲು ನೆನಪಾಯಿತು. ಅಪ್ಪಾಜಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಬುತ್ತಿಯ ಮಾತೆತ್ತುತ್ತಿದ್ದರು ಎಂದೆ. ಇಬ್ಬರೂ ನಕ್ಕೆವು.

ಮಡುವಿನ ದಾರಿಯಲ್ಲಿ ಇಳಿಯುವಾಗ ಪಾಕ್ ಮಾನ್ ಒಂದು ಮಾತು ಹೇಳಿದರು. ಕಾಡಿನಲ್ಲಿ, ನೀರಿನ ಹತ್ತಿರ, ಯಾರನ್ನೂ ಹೆಸರು ಹಿಡಿದು ಕೂಗಬೇಡಿ. ಕೇಳಬಾರದವರೂ ಕೇಳಿಸಿಕೊಳ್ಳುತ್ತಾರೆ. ಬೇಕಾದರೆ ಚಪ್ಪಾಳೆ ತಟ್ಟಿ. ಹಿರಿಯರ ಪದ್ಧತಿ, ಅಷ್ಟೇ, ಎಂದು ಅವರೇ ನಕ್ಕರು. ನಾನು ಅದನ್ನು ಅಣ್ಣನಿಗೆ ಕನ್ನಡದಲ್ಲಿ ಹೇಳಿದೆ. ಅವನು ಇದೇನು ಹೊಸದಲ್ಲ ಎನ್ನುವಂತೆ ತಲೆಯಾಡಿಸಿದ. ಶ್ರೀಧರ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ.

ಬಂಡೆಯ ಮೇಲಿಂದ ಎರಡಾಳೆತ್ತರದ ನೀರು ಬೀಳುತ್ತಿತ್ತು, ಕೆಳಗೆ ಹಸಿರು ಮಡು. ಮಂಡಿನೋವಿನ ಅಣ್ಣ ದಾರಿಯ ಮೇಲ್ತುದಿಯ ಅಂಗಡಿಯಲ್ಲೇ ಎಳನೀರು ಹಿಡಿದು ಕೂತ. ಶ್ರೀಧರ, ಚಿರಾಗ್ ಆಚೆ ದಡದ ಹತ್ತಿರ ಈಜುತ್ತಿದ್ದರು. ಇಂಚರ ಈಚೆ, ಮಂಡಿಮಟ್ಟದ ನೀರಿನಲ್ಲಿ, ಗಾಳಿ ತುಂಬಿದ ಕಿತ್ತಳೆ ಬಣ್ಣದ ಈಜುಬಳೆಯನ್ನು ಸೊಂಟಕ್ಕೆ ಹಾಕಿಕೊಂಡು ಆಡುತ್ತಿದ್ದಳು. ಪಾಕ್ ಮಾನ್ ಮರದ ಕೆಳಗೆ ಸಿಗರೇಟು ಹಚ್ಚಿದ್ದರು. ನಾನು ಬಂಡೆಯ ಮೇಲೆ ಕೂತು ಹೋಟೆಲಿನಲ್ಲಿ ತಪಾವ್ ಮಾಡಿಸಿ, ಅಂದರೆ ಕಟ್ಟಿಸಿಕೊಂಡು, ತಂದಿದ್ದ ಊಟದ ಪೊಟ್ಟಣಗಳನ್ನೂ ಅಣ್ಣನಿಗೆಂದು ಕಟ್ಟಿದ್ದ ಚಿತ್ರಾನ್ನದ ಡಬ್ಬಿಯನ್ನೂ ಬಿಚ್ಚುತ್ತಿದ್ದೆ. ನಡುನಡುವೆ ತಲೆಯೆತ್ತಿ ನೋಡುತ್ತಿದ್ದೆ. ಕಿತ್ತಳೆ ಬಳೆ, ಅದರ ಮೇಲೆ ಅವಳ ಕೆಂಪು ಟೋಪಿ ಕಾಣುತ್ತಿದ್ದವು.

“ಎರಡು.”

ಹಿಂದಿನಿಂದ, ಸ್ವಲ್ಪ ಮೇಲಿನಿಂದ ಬಂತು ದನಿ. ಕಾಳಿನ ಧೂಳು ಕುಡಿದು ಒಣಗಿದ ಗಂಟಲಿನ ದನಿ. “ಮೂರು, ನಾಲ್ಕು, ಐದು.” ನನಗೆ ನಗು ಬಂತು. ಅಣ್ಣ ಅಪ್ಪಾಜಿಯನ್ನು ಅಣಕಿಸಿ ನನ್ನನ್ನು ಕಾಡುತ್ತಿದ್ದಾನೆ ಅಂದುಕೊಂಡೆ. ತಿರುಗಿಯೂ ನೋಡದೆ, “ತಡಿಯೋ ಅಣ್ಣ, ಬಿಚ್ತಾ ಇದೀನಿ” ಅಂದೆ.

ಸ್ವಲ್ಪ ತಡೆದು ಮತ್ತೆ ಬಂತು, ಗಟ್ಟಿಯಾಗಿ. “ಎರಡು.”

ಆಗ ನನ್ನ ಮೈ ತಾನಾಗಿ ಎದ್ದಿತು. ಬಂದಿದ್ದವರು ನಾವು ಐದು ಜನ. ಎರಡರಿಂದ ಎಣಿಸಿದ್ದಾರೆಂದರೆ ಮೊದಲನೆಯದು, ಕಿರಿದು, ಇಲ್ಲ. ಇದನ್ನು ನಾನು ಯೋಚಿಸಿ ತಿಳಿದುಕೊಳ್ಳಲಿಲ್ಲ, ಚಿಕ್ಕಂದಿನಲ್ಲಿ ಆ ದನಿಗೆ ಓಡುತ್ತಿದ್ದ ಕಾಲುಗಳೇ ಓಡಿದವು. ನೀರಿಗಿಳಿದ ಮೇಲೆ ಕಂಡಿತು, ಬಳೆ ಖಾಲಿಯಾಗಿತ್ತು. ಟೋಪಿ ಅದಕ್ಕೆ ಸಿಕ್ಕಿಕೊಂಡು ತೇಲುತ್ತಿತ್ತು. ನಾನು ತಲೆಯೆಂದು ನೋಡುತ್ತಿದ್ದದ್ದು ಆ ಟೋಪಿಯನ್ನು.

ನೀರು ಬೀಳುವ ಕಡೆ ಕಲ್ಲಿನ ಅಂಚು ಇದ್ದಕ್ಕಿದ್ದ ಹಾಗೆ ಇಳಿದಿತ್ತು. ನನ್ನ ಎದೆಮಟ್ಟ, ಅಷ್ಟೇ. ಆದರೆ ನೊರೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಕೈಯಾಡಿಸಿದೆ, ಕೂದಲು ಸಿಕ್ಕಿತು. ಎಳೆದರೆ ಬರಲಿಲ್ಲ, ಕಾಲು ಎರಡು ಕಲ್ಲಿನ ನಡುವೆ ಸಿಕ್ಕಿತ್ತು. ನನ್ನ ಬಾಯಿಂದ ಕೂಗೇ ಹೊರಡಲಿಲ್ಲ. ನಾನು ನೀರಿಗೆ ಧುಮುಕಿದ್ದನ್ನು ಕಂಡ ಪಾಕ್ ಮಾನ್ ಬಟ್ಟೆಯಲ್ಲೇ ಇಳಿದು ಬಂದು, ಮುಳುಗಿ ಕಾಲು ಬಿಡಿಸಿದರು. ಬಂಡೆಯ ಮೇಲೆ ಕವುಚಿ ಮಲಗಿಸಿ ಬೆನ್ನು ತಟ್ಟಿದಾಗ ಇಂಚರ ನೀರು ಕಕ್ಕಿ, ಕೆಮ್ಮಿ, ಆಮೇಲೆ ಅತ್ತಳು. ಆ ಅಳುವಿನಷ್ಟು ಹಿತವಾದ ಸದ್ದನ್ನು ನಾನು ಬದುಕಿನಲ್ಲಿ ಕೇಳಿಲ್ಲ. ಈಜಿಕೊಂಡು ಬಂದ ಶ್ರೀಧರನ ಮುಖದಲ್ಲಿ ರಕ್ತವೇ ಇರಲಿಲ್ಲ.

ಅಷ್ಟರಲ್ಲಿ ಅಣ್ಣ ಮಂಡಿನೋವು ಮರೆತು ಮೇಲಿನಿಂದ ಓಡಿಬಂದ. ಕೈಯಲ್ಲಿ ಎಳನೀರಿನ ಕೊಳವೆ ಹಾಗೇ ಇತ್ತು. ಮಗು ಉಸಿರಾಡುವುದನ್ನು ನೋಡಿ ಕುಸಿದು ಕೂತ. ಸುಧಾರಿಸಿಕೊಂಡು, “ಎರಡರಿಂದ ಎಣಿಸಿದ್ಯಲ್ಲ ತಂಗಿ, ನನ್ನ ಎದಿ ಧಸಕ್ ಅಂತು. ಯಾರಿಲ್ಲೋ ಅಂತ ಓಡಿಬಂದೆ” ಅಂದ.

“ಎಣಿಸಿದ್ದು ನೀನಲ್ವಾ?” ಅಂದೆ.

“ನಾನ್ಯಾಕೆ ಎಣಿಸ್ಲಿ? ನಿನ್ನ ದನೀನೇ ಕೇಳ್ತು.”

ಶ್ರೀಧರನಿಗೆ ನೀರಿನ ಸದ್ದು ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. ಪಾಕ್ ಮಾನ್‌ಗೂ ಅಷ್ಟೇ. ಒಳ್ಳೆಯದಾಯಿತು, ಮಗುವಿನ ಹೆಸರು ಹಿಡಿದು ಯಾರೂ ಕೂಗಲಿಲ್ಲ ಎಂದರು ಅವರು. ನನಗೆ ಕೇಳಿದ ದನಿ ಯಾರದ್ದೆಂದು ನಾನು ಅಣ್ಣನಿಗೆ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ವ್ಯಾನು ಹತ್ತುವಾಗ ಪಾಕ್ ಮಾನ್ ಅಭ್ಯಾಸದಂತೆ ತಲೆ ಎಣಿಸಿದರು. ಟವೆಲ್ ಸುತ್ತಿಕೊಂಡು ನನ್ನ ತೊಡೆಯ ಮೇಲಿದ್ದ ಇಂಚರಳ ಕಡೆ ಮೊದಲು ಬೆರಳು ತೋರಿಸಿ, ಮಲಾಯ್ ಭಾಷೆಯಲ್ಲಿ “ಸಾತು” ಅಂದರು, ಒಂದು ಎಂದು.

“ನಾಟ್ ಸಾತು. ಲಾಭ” ಅಂದಳು ಇಂಚರ.

ಅಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆ ಮಾತು ನಿನಗೆ ಯಾರು ಹೇಳಿಕೊಟ್ಟರು ಎಂದು ಮೆಲ್ಲಗೆ ಕೇಳಿದೆ. ನಿದ್ದೆ ತೂಗುತ್ತಿದ್ದ ಕಣ್ಣಿನಲ್ಲೇ, “ದಟ್ ಅಂಕಲ್. ಇನ್ ದ ವಾಟರ್” ಎಂದು ತನ್ನ ತಲೆಯ ಮೇಲೆ ಕೈಯಿಟ್ಟು ತೋರಿಸಿ ಮಲಗಿಬಿಟ್ಟಳು.

ಆಮೇಲೆ ನಾವು ಇದನ್ನು ಎಷ್ಟು ಸಲ ಕೆದಕಿದ್ದೇವೋ ಲೆಕ್ಕವಿಲ್ಲ. “ನೀನೇ ಎಣಿಸಿರ್ತೀಯ ಕಣೆ. ಬಳೆ ಖಾಲಿ ಇದ್ದದ್ದು ಕಣ್ಣಿಗೆ ಬಿದ್ದಿರುತ್ತೆ, ಮನಸ್ಸಿಗೆ ಗೊತ್ತಾಗೋ ಮುಂಚೆ ಬಾಯಿಗೆ ಬಂದಿರುತ್ತೆ” ಎನ್ನುತ್ತಾನೆ ಶ್ರೀಧರ. ಒಳ್ಳೆಯ ವಿವರಣೆ. ಅಣ್ಣ ನನ್ನ ದನಿ ಕೇಳಿದೆ ಅಂದದ್ದಕ್ಕೂ ಹೊಂದುತ್ತದೆ. ಕಚೇರಿಯಲ್ಲಾಗಿದ್ದರೆ ಸಹಿ ಹಾಕಿ ಮುಂದೆ ಕಳಿಸುತ್ತಿದ್ದೆ. ಆದರೆ ಮಡುವಿನಲ್ಲೇ ಇದ್ದ ಅವನಿಗೆ ಕೇಳದ ನನ್ನ ದನಿ, ದಾರಿಯ ತುದಿಯಲ್ಲಿ ಕೂತಿದ್ದ ಅಣ್ಣನಿಗೆ ಹೇಗೆ ಕೇಳಿತು? ಇನ್ನು ಇಂಚರ ಅಂದ ‘ಲಾಭ’ ಎಂಬ ಮಾತನ್ನು ನಾನು ಅಥವಾ ಅಣ್ಣ ಮಕ್ಕಳ ಮುಂದೆ ಎಂದಾದರೂ ಆಡಿದ್ದಿರಬಹುದೇ? ಆಡಿಲ್ಲ ಎಂದು ನಾನು ಆಣೆ ಮಾಡಬಲ್ಲೆ, ಅಣ್ಣನೂ ಮಾಡುತ್ತಾನೆ. ನೆನಪಿನ ಮೇಲೆ ಮಾಡುವ ಆಣೆಗೆ ಎಷ್ಟು ಬೆಲೆ ಎಂಬುದೂ ನನಗೆ ಗೊತ್ತು. ಒಮ್ಮೆ ಅದೇ ಮಡುವಿಗೆ ಹೋಗಿ, ಅದೇ ಬಂಡೆಯ ಮೇಲೆ ಬೆನ್ನು ತಿರುಗಿಸಿ ಕೂತು, ಬಹಳ ಹೊತ್ತು ಕಾದೆ. ನೀರು ಬೀಳುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಪರೀಕ್ಷೆ ಮಾಡಲು ಹೋದೆ ಎಂದು ಶ್ರೀಧರನಿಗೆ ಹೇಳಿದ್ದು ನೆಪ. ನನಗೆ ಆ ದನಿ ಇನ್ನೊಮ್ಮೆ ಬೇಕಿತ್ತು.

ಇಂಚರ ಈಗ ಹತ್ತಿರದ ನಿಲಾಯ್ ಊರಿನ ಕಾಲೇಜಿನಲ್ಲಿ ಓದುತ್ತಿದ್ದಾಳೆ, ಹಾಸ್ಟೆಲ್‌ನಲ್ಲಿದ್ದು ಶುಕ್ರವಾರ ಮನೆಗೆ ಬರುತ್ತಾಳೆ. ಅವಳಿಗೆ ಆ ದಿನದ್ದು ಟೋಪಿ ಕಳೆದದ್ದು ಬಿಟ್ಟರೆ ಏನೂ ನೆನಪಿಲ್ಲ. “ಯು ಅಂಡ್ ಮಾಮಾ ಮೇಡ್ ಇಟ್ ಅಪ್ ಲಾ, ಮಮ್ಮಿ” ಎಂದು ನಗುತ್ತಾಳೆ. ಇರಬಹುದು, ನಗಲಿ. ಬಾಗಿಲಲ್ಲಿ ಬ್ಯಾಗು ಇಳಿಸುವ ಮೊದಲು ಅವಳ ತಲೆಯ ಮೇಲೆ ಕೈಯಿಟ್ಟು ಆ ಒಂದು ಮಾತು ಹೇಳುತ್ತೇನೆ. ಬೇಡ ಎಂದು ಅವಳೂ ತಪ್ಪಿಸಿಕೊಳ್ಳುವುದಿಲ್ಲ.

ಭಾನುವಾರ ಸಂಜೆ ಅವಳು ರೈಲು ಹತ್ತುತ್ತಾಳೆ. ರಾತ್ರಿ ಊಟಕ್ಕೆ ಚಿರಾಗ್‌ಗೂ ನಮ್ಮಿಬ್ಬರಿಗೂ ಮೂರು ತಟ್ಟೆ ಇಡುವಾಗ ನಾನು ಮೆಲ್ಲಗೆ ಎಣಿಸುತ್ತೇನೆ. ಎರಡು, ಮೂರು, ನಾಲ್ಕು. ಮೊದಲನೆಯದನ್ನು ಬಾಯಲ್ಲಿ ಅನ್ನುವುದಿಲ್ಲ, ಅವಳು ಬರುವವರೆಗೆ ಕಾಯುತ್ತೇನೆ.