ತಿಮ್ಮಕ್ಕ ಕರೆದ ಹೆಸರು

ಇಡಗುಂದಿಯ ತಿಮ್ಮಕ್ಕ ಬೇಸಿಗೆಯಲ್ಲಿ ಕಾಡಿನ ಬೆಂಕಿ ಕಾಯುವ ಕೆಲಸಕ್ಕೆ ಹೋಗುತ್ತಾಳೆ. ಗುಡ್ಡದ ಮೇಲಿನ ಅಟ್ಟಣಿಗೆಯಲ್ಲಿ ಕುಳಿತು, ಹೊಗೆ ಕಂಡರೆ ವಾಕಿಟಾಕಿಯಲ್ಲಿ ಹೇಳಬೇಕು. ಬೆಂಕಿ ಆರಿಸುವ ಮೂರು ತಂಡಗಳಿಗೂ ಒಂದೊಂದು ವಾಕಿಟಾಕಿ ಇದೆ. ಅವುಗಳಲ್ಲೊಂದು ಅವಳ ಗಂಡ ವೆಂಕಟ್ರಮಣನ ಕೈಯಲ್ಲಿ.

ವಾಕಿಟಾಕಿ ಕೊಟ್ಟ ದಿನ ಬನವಾಸಿ ಕಡೆಯ ಫಾರೆಸ್ಟ್ ಗಾರ್ಡ್ ರವೀಂದ್ರ ಹೇಳಿಕೊಟ್ಟಿದ್ದ.

“ಮೊದ್ಲ ಯಾರ್ನ ಕರೀತೀರೋ ಅವ್ರ ಹೆಸ್ರು, ಆಮ್ಯಾಲೆ ನಿಮ್ಮ ಹೆಸ್ರು. ಮಾತು ಮುಗದ್ರ ‘ಓವರ್’ ಅಂದು ಬಟನ್ ಬಿಡ್ರಿ. ಕೇಳಿದವ್ರು ‘ರೋಜರ್’ ಅನ್ಬೇಕು. ರೋಜರ್ ಅಂದ್ರ ಕೇಳ್ತು ಅಂತ, ಅಷ್ಟ. ತಿಮ್ಮಕ್ಕಾ, ನಿಮ್ಮ ಮನಿಯವ್ರನ್ನ ಕರೀರಿ ನೋಡೂಣು.”

ತಿಮ್ಮಕ್ಕ ಬಾಯಿಗೆ ಸೆರಗು ಹಿಡಿದಳು.

“ಅವ್ಳು ರೇಷನ್ ಅಂಗಡೀಲೂ ಗಂಡನ ಹೆಸ್ರು ನನ್ನತ್ರ ಹೇಳಿಸ್ತಾಳೆ!” ಎಂದು ಪಕ್ಕದ ಮನೆಯ ದಿವ್ಯಾ ನಕ್ಕಳು.

ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ತಾಯಿ ಹೇಳಿದ್ದನ್ನು ತಿಮ್ಮಕ್ಕ ಮರೆತಿರಲಿಲ್ಲ.

ಮಾರ್ಚ್‌ನ ಒಂದು ಮಧ್ಯಾಹ್ನ ಕಣಿವೆಯ ತರಗೆಲೆಗೆ ಬೆಂಕಿ ಬಿತ್ತು. ಮೂರೂ ತಂಡಗಳು ಹಸಿ ಸೊಪ್ಪಿನಿಂದ ಬೆಂಕಿಯನ್ನು ಬಡಿದು ಆರಿಸುತ್ತಿದ್ದವು. ಗಾಳಿ ತಿರುಗಿತು. ಬೆಂಕಿ ವೆಂಕಟ್ರಮಣನ ತಂಡದ ಬೆನ್ನ ಹಿಂದೆ ಬರುತ್ತಿದ್ದುದು ಮೇಲಿದ್ದ ತಿಮ್ಮಕ್ಕನಿಗೆ ಮಾತ್ರ ಕಂಡಿತು.

“ಹೋಯ್, ಕೇಳ್ತದ್ಯಾ? ಹಿಂದೆ ಬೆಂಕಿ ಬಂತು. ಹಳ್ಳಕ್ಕೆ ಇಳೀರಿ! ಓವರ್.”

“ರೋಜರ್,” ಎಂದವನು ಇನ್ನೊಂದು ತಂಡದ ನಂದನ. ಅವನು ತನ್ನವರನ್ನು ಹಳ್ಳಕ್ಕೆ ಇಳಿಸಿದ. ಮಾತು ನಂದನನಿಗೆ ಎಂದುಕೊಂಡು ವೆಂಕಟ್ರಮಣ ಬಡಿಯುತ್ತಲೇ ಇದ್ದ.

“ನೀವಲ್ಲ, ಅವ್ರು!”

“ಅವ್ರು ಅಂದ್ರ ಯಾರು? ಹೆಸ್ರು ಹೇಳ್ರಿ ತಿಮ್ಮಕ್ಕಾ!” ಮೂರನೆಯ ತಂಡದ ಜೊತೆಗಿದ್ದ ರವೀಂದ್ರ ವಾಕಿಟಾಕಿಯಲ್ಲಿ ಕೂಗಿದ.

ಹೊಗೆ ವೆಂಕಟ್ರಮಣನ ತಂಡವನ್ನು ಮುಚ್ಚಿತು. ತಿಮ್ಮಕ್ಕ ಬಟನ್ ಒತ್ತಿದಳು.

“ವೆಂಕಟ್ರಮಣ, ವೆಂಕಟ್ರಮಣ, ನಾನು ತಿಮ್ಮಿ. ಬೆನ್ನ ಹಿಂದೆ ಬೆಂಕಿ. ಎಡಕ್ಕೆ ಹಳ್ಳ, ಓಡಿ! ಓವರ್.”

ಗರಗರ ಸದ್ದು. ಅದರ ನಡುವೆ ವೆಂಕಟ್ರಮಣನ ದನಿ, “ರೋಜರ್.”

ಕೇಳಿತು, ಅಷ್ಟೇ. ಪಾರಾದನೋ ಇಲ್ಲವೋ ಅದರಿಂದ ತಿಳಿಯಲಿಲ್ಲ. ತಿಮ್ಮಕ್ಕ ಗುಡ್ಡ ಇಳಿದು ಓಡಿದಳು.

ಎಲ್ಲರನ್ನೂ ಮುಂದೆ ಕಳಿಸಿ ಕೊನೆಗೆ ಬಂದ ವೆಂಕಟ್ರಮಣನ ಎರಡೂ ಪಾದ ಸುಟ್ಟಿದ್ದವು. ಶಿರಸಿಯ ಆಸ್ಪತ್ರೆಗೆ ಸೇರಿಸಿದರು.

“ಮೊದ್ಲ ಹೆಸ್ರು ಹೇಳಿದ್ರ ಇಷ್ಟು ಸುಡ್ತಿದ್ದಿಲ್ಲ,” ಎಂದ ನೋಡಲು ಬಂದ ರವೀಂದ್ರ.

“ಹೇಳಿದ್ದಕ್ಕೇ ಸುಟ್ಟದ್ದು,” ಎಂದಳು ತಿಮ್ಮಕ್ಕ.

“ಹೆಸ್ರು ಕೇಳೇ ನಾ ಓಡಿದ್ದು ಮಾರಾಯ್ತಿ,” ಎಂದ ವೆಂಕಟ್ರಮಣ. “ಈಗೊಂದ್ಸಲ ಹೆಸ್ರು ಹಿಡ್ದು ಕರೆ. ಇಲ್ದಿದ್ರೆ ಮುಂದಿನ ಬೇಸಿಗೇಲಿ ಮತ್ತೆ ತಡ ಮಾಡ್ತೆ ನೀನು.”

ತಿಮ್ಮಕ್ಕ ಅವನ ಕಾಲಿನ ಬ್ಯಾಂಡೇಜು ನೋಡಿದಳು. ಗಂಜಿಯ ಡಬ್ಬಿ ಬಿಚ್ಚಿದಳು.

“ಹೋಯ್, ಗಂಜಿ ತಣೀತದೆ.”

ಯಾರನ್ನು ಕರೆದಳೋ ತಿಳಿಯದವನಂತೆ ವೆಂಕಟ್ರಮಣ ಗೋಡೆಯ ಕಡೆ ಮುಖ ಮಾಡಿ ಮಲಗಿದ.