ನಾಗರಾಜನ ಬಸ್ಸಾರು

ನಾಗರಾಜ, ನಿಮ್ಮಪ್ಪ ಹೊಳೆಯಲ್ಲಿ ಬಲೆ ಬಿಡುವವರು ಎಂದು ಬಾಡಿಗೆ ಮನೆಯ ಗೌರಜ್ಜಿಗೆ ಹೇಳಿದವನು ನಾನು. ಊರ ಕಡೆಯವರು ಯಾರೋ ಚಾಡಿ ಹೇಳಿರಬೇಕೆಂದು ನೀನು ಅಂದುಕೊಂಡೆ. ಇವತ್ತಿಗೂ ಹಾಗೇ ಅಂದುಕೊಂಡಿದ್ದೀಯೋ ಏನೋ. ಯಾರೂ ಅಲ್ಲ — ನಿನ್ನ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದವನು, ನೀನು ಬೇಯಿಸಿದ್ದನ್ನು ಡಿಗ್ರಿಯ ಉದ್ದಕ್ಕೂ ಕೂತು ತಿಂದವನು.

ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ — ಘನವಾದ ಕಾರಣವೇನೂ ಇಲ್ಲ. ಮಗಳು ಮೈಸೂರಿನಲ್ಲಿ ಕಾಲೇಜಿಗೆ ಸೇರಿ ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದಾಳೆ. ಮೊನ್ನೆ ಫೋನು ಮಾಡಿ, 'ಅಪ್ಪಾ, ಹೋಟೆಲ್ ಊಟ ಸಾಕಾಗಿದೆ, ಜಾಸ್ತಿ ಖರ್ಚಿಲ್ಲದೆ ಸುಲಭವಾಗಿ ಆಗೋ ಅಂಥದ್ದು ಏನಾದ್ರೂ ಹೇಳ್ಕೊಡಿ' ಅಂದಳು. ನಾನು ಬಸ್ಸಾರು ಹೇಳಿಕೊಟ್ಟೆ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸು, ನೀರು ಬಸಿದುಕೋ, ಬಸಿದದ್ದು ಸಾರಿಗೆ, ಉಳಿದದ್ದು ಪಲ್ಯಕ್ಕೆ. ಒಂದೇ ಒಲೆ, ಒಂದೇ ಸಲ ಬೆಂಕಿ, ಎರಡು ಅಡುಗೆ. ಅವಳಿಗೆ ಖುಷಿಯೋ ಖುಷಿ. 'ಯಾರಪ್ಪಾ ನಿಮಗೆ ಇದೆಲ್ಲ ಕಲಿಸಿದ್ದು?' ಅಂದಳು. 'ಯಾರು ಕಲಿಸ್ತಾರಮ್ಮ, ರೂಮಲ್ಲಿದ್ದಾಗ ನಾನೇ ಕಲಿತೆ' ಅಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ನೋಡು ಬಾಯಿಗೆ! ಫೋನಿಟ್ಟ ಮೇಲೆ ಥೂ ಅನ್ನಿಸಿತು. ನಿನ್ನ ಓದು ತಿಂದಿದ್ದು ಸಾಲದು ಅಂತ ನಿನ್ನ ಸಾರನ್ನೂ ನನ್ನದು ಮಾಡಿಕೊಂಡೆನಲ್ಲ.

ಕೆ.ಆರ್.ಪೇಟೆಯ ಆ ರೂಮು ನಿನಗೆ ನೆನಪಿರದೇ ಇರುತ್ತದೆಯೆ. ತೊಂಬತ್ತರ ದಶಕ ಅದು. ಕಿಕ್ಕೇರಿಯಿಂದಾಚೆ ನಮ್ಮೂರು, ಹೇಮಾವತಿ ದಡದಲ್ಲಿ ನಿಮ್ಮೂರು, ಎರಡಕ್ಕೂ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಗೌರಜ್ಜಿಯ ಮನೆಯ ಹಿಂದಿನ ಭಾಗ ಬಾಡಿಗೆಗೆ ಇದೆ ಎಂದು ಕೇಳಿಕೊಂಡು ಇಬ್ಬರೂ ಹೋದೆವು. ಅಜ್ಜಿ ಹಣೆ ತುಂಬ ವಿಭೂತಿ ಇಟ್ಟುಕೊಂಡು ಜಗುಲಿಯ ಮೇಲೆ ಕೂತಿದ್ದರು. ಮಾಂಸ, ಮೀನು, ಮೊಟ್ಟೆ ಈ ಹೊಸ್ತಿಲು ದಾಟಕೂಡದು ಎಂದರು. 'ನಿಮ್ಮಪ್ಪದೀರು ಏನ್ ಮಾಡ್ತಾರೆ?' ಅಂತ ಕೇಳಿದರು. ನಾನು ಬೇಸಾಯ ಅಂದೆ. ನೀನು 'ನಮ್ದೂ ಬೇಸಾಯನೇ ಅಜ್ಜಿ' ಅಂದೆ. ನಿಮ್ಮಪ್ಪನ ಕೆಲಸ ಹೇಳಿದ್ದಕ್ಕೇ ಆ ಬೀದಿಯ ಎರಡು ಮನೆಯವರು ನಿನಗೆ ರೂಮಿಲ್ಲ ಅಂದಿದ್ದರು. ಆಚೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡು, 'ಲೇ ಗೌಡ, ಇದೊಂದು ಯಾರ್ ಕೂಡಾನೂ ಬಾಯ್ ಬುಡಬ್ಯಾಡ ಕಣ್ಲಾ' ಅಂದೆ. 'ನಾನ್ಯಾಕ್ಲಾ ಬುಡ್ಲಿ' ಅಂದೆ ನಾನು. ಆಗ ಅದು ಸುಳ್ಳಾಗಿರಲಿಲ್ಲ.

ಅಡುಗೆ ನಿನ್ನದು, ಪಾತ್ರೆ ತೊಳೆಯುವುದು ನನ್ನದು ಎಂದಾಯಿತು. ಸೀಮೆಣ್ಣೆ ಸ್ಟೌವಿಗೆ ಪಂಪು ಹೊಡೆದು, ಪಾತ್ರೆಯನ್ನು ಎರಡು ಪಾದದ ನಡುವೆ ಅಮುಕಿ ಹಿಡಿದು ನೀನು ಮುದ್ದೆ ತಿರುವುತ್ತಿದ್ದೆ. ಊರಿಂದ ತಂದ ರಾಗಿಹಿಟ್ಟು, ಹುರುಳಿಕಾಳು, ಅಮ್ಮ ಕೊಟ್ಟ ಸಾರಿನ ಪುಡಿ — ನಮ್ಮ ಹತ್ತಿರ ಇದ್ದದ್ದೇ ಅಷ್ಟು. ಸಂತೆಗೆ ಎಲ್ಲರೂ ಹೋಗಿ ಬಂದ ಮೇಲೆ, ಅಂಗಡಿಯವರು ಗೋಣಿಚೀಲ ಮಡಿಸುವ ಹೊತ್ತಿಗೆ ನೀನು ಹೋಗುತ್ತಿದ್ದೆ. ಬಾಡಿದ ದಂಟು, ಒಡೆದ ಟೊಮೇಟೊ ಚೀಲ ತುಂಬ ತರುತ್ತಿದ್ದೆ. ಬೇಳೆ ಇಲ್ಲದ ದಿನ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಸುಟ್ಟು ಅರೆದು ಉಪ್ಪುಸಾರು. ಹಿಂದಿನ ದಿನದ ಅನ್ನ ಉಳಿದರೆ ಬೆಳಿಗ್ಗೆ ಚಿತ್ರಾನ್ನ. ಬೇರೆ ರೂಮಿನ ಹುಡುಗರು ಬಾಗಿಲಲ್ಲಿ ನಿಂತು, 'ಏನ್ ನಾಗರಾಜಣ್ಣ, ಬೀದಿ ಪೂರಾ ಘಮ್ ಅಂತದೆ' ಎಂದು ಹಲ್ಲು ಕಿರಿಯುತ್ತಿದ್ದರು. ನೀನು ಅವರನ್ನೂ ಕೂರಿಸಿ ಹೇಳಿಕೊಡುತ್ತಿದ್ದೆ. ಮೀನು ಹಿಡಿಯುವವರ ಮನೆಯ ಹುಡುಗ ಕಾಲೇಜಿನ ಹುಡುಗರಿಗೆಲ್ಲ ಸೊಪ್ಪು ಕಾಳು ಬೇಯಿಸುವುದು ಕಲಿಸಿದ. ಆ ರೂಮಿನೊಳಗೆ ಒಂದು ದಿನವೂ ನೀನು ಅಜ್ಜಿಗೆ ಕೊಟ್ಟ ಮಾತು ಮುರಿಯಲಿಲ್ಲ.

ಕೊನೆಯ ವರ್ಷ ಅಜ್ಜಿ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ನಾಗಮಂಗಲಕ್ಕೆ ಕೊಟ್ಟಿದ್ದ ಮಗಳು ಬಾಣಂತಿ, ಬರುವಂತಿರಲಿಲ್ಲ. ಪೂಜೆಯಾಗದೆ ತೊಟ್ಟು ನೀರು ಕುಡಿಯದ ಹೆಂಗಸು, ಬೇರೆಯವರ ಮನೆಯಲ್ಲಿ ಕಾಫಿಯನ್ನೂ ಮುಟ್ಟದ ಹೆಂಗಸು, ತನ್ನ ಕುಕ್ಕರನ್ನು ಎಡಗೈಯಲ್ಲಿ ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದು, 'ನಾಗರಾಜ, ನಂಗೂ ಒಂದಿಡಿ ಅಕ್ಕಿ ನೀನೇ ಬೇಯಿಸ್ಬುಡಪ್ಪಾ' ಅಂದರು. ಅವತ್ತಿಂದ ದಿನಾ ನೀನು ಅವರಿಗೆ ಮೆತ್ತಗೆ ಅನ್ನ, ಖಾರ ಕಮ್ಮಿ ಮಾಡಿದ ಸಾರು ತೆಗೆದುಕೊಂಡು ಹೋಗುತ್ತಿದ್ದೆ. ಅವರು ಅಕ್ಕಪಕ್ಕದವರಿಗೆಲ್ಲ 'ನಮ್ ನಾಗರಾಜ, ನಮ್ ನಾಗರಾಜ' ಅನ್ನುತ್ತಿದ್ದರು. ನಾನು 'ಆ ಗೌಡ್ರುಡ್ಗ'.

ಹೇಳಿಬಿಡುತ್ತೇನೆ — ನನಗೆ ಹೊಟ್ಟೆಕಿಚ್ಚು. ಗದ್ದೆ, ಕಬ್ಬು, ಹಸು ಎಲ್ಲ ಇರುವ ಮನೆಯವನು ನಾನು, ಪಾತ್ರೆ ತೊಳೆಯುವವನಾಗಿ ಉಳಿದೆ. ಮನೆಯ ಮಗ ನೀನಾದೆ. ಇಷ್ಟು ಸಣ್ಣ ವಿಷಯ. ಬರೆಯಲಿಕ್ಕೇ ನಾಚಿಕೆಯಾಗುತ್ತದೆ.

ಆಗ ನಾನು ಕಾಲೇಜಿನ ಕಬಡ್ಡಿ ತಂಡಕ್ಕೆ ಸೇರಲು ಒದ್ದಾಡುತ್ತಿದ್ದೆ. ಮೊಟ್ಟೆ ತಿಂದರೆ ಕಸುವು ಬರುತ್ತದೆ ಎಂದು ಯಾರೋ ಅಂದರು. ತಿನ್ನಬೇಕಿದ್ದರೆ ಬಸ್ ಸ್ಟ್ಯಾಂಡಿನ ಗಾಡಿಯಲ್ಲಿ ನಿಂತು ತಿನ್ನಬಹುದಿತ್ತು, ಯಾರು ಬೇಡ ಅಂದಿದ್ದರು? ನಾನು ಕಾಗದದ ಪೊಟ್ಟಣದಲ್ಲಿ ರೂಮಿಗೇ ತಂದೆ. ನೀನು ಲ್ಯಾಬಿಗೆ ಹೋಗಿದ್ದೆ. ಮುಚ್ಚಳ ಬಿಗಿಯಾಗಿದ್ದರೆ ವಾಸನೆ ಆಚೆ ಬರುವುದಿಲ್ಲ ಎಂಬ ಮಹಾ ಬುದ್ಧಿವಂತಿಕೆಯಿಂದ ಅಜ್ಜಿಯ ಕುಕ್ಕರಿನಲ್ಲೇ ಇಟ್ಟೆ. ಸೀಟಿ ಕೂಗಿತು. ತೆಗೆದರೆ ಮೊಟ್ಟೆ ಒಡೆದು ಒಳಗೆಲ್ಲ ಮೆತ್ತಿಕೊಂಡಿತ್ತು. ಉಳಿದದ್ದನ್ನು ಗಬಗಬ ತಿಂದು, ಕುಕ್ಕರನ್ನು ತೊಳೆದಂತೆ ಮಾಡಿ ಬೋರಲು ಹಾಕಿದೆ. ಮುಚ್ಚಳದ ರಬ್ಬರು ಬಿಚ್ಚಿ ತೊಳೆಯುವಷ್ಟು ವ್ಯವಧಾನ ನನಗೆ ಯಾವತ್ತೂ ಇರಲಿಲ್ಲ.

ಅವತ್ತು ಯಾರೋ ನೆಂಟರು ಬರುತ್ತಾರೆಂದು ಅಜ್ಜಿ ತಾವೇ ಕುಕ್ಕರು ಕೇಳಿಕೊಂಡು ಬಂದರು. ಮುಚ್ಚಳ ಎತ್ತಿ ಮೂಗಿನ ಹತ್ತಿರ ಹಿಡಿದರು. ಮುಖ ಹೇಗಾಯಿತು ಅಂತೀಯ — ಕೋಪ ಅಲ್ಲ, ಹೆದರಿಕೆ. ಎಷ್ಟು ದಿನದಿಂದ ಇದರಲ್ಲಿ ಬೆಂದದ್ದನ್ನು ತಿಂದೆನೋ ಎಂಬ ಹೆದರಿಕೆ ಇರಬೇಕು.

'ಮೊಟ್ಟೆ ಬೇಯಿಸಿದ್ದು ನೀನೇ ತಾನೇ? ನಾಗರಾಜ ಇಂಥದ್ ಮಾಡೋನಲ್ಲ' ಅಂದರು.

ಕೇಳಿಸಿತೆ ನಾಗರಾಜ? ಅಜ್ಜಿ ಮೊದಲು ಹೇಳಿದ್ದು ಇದು. ನೀನು ಇಂಥದ್ದು ಮಾಡುವವನಲ್ಲ ಎಂದು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನನ್ನ ಗಂಟುಮೂಟೆ ಆಚೆ ಹೋಗುತ್ತಿತ್ತು, ನಮ್ಮಪ್ಪ ಎರಡು ಬಾರಿಸಿ ಬೇರೆ ರೂಮು ನೋಡುತ್ತಿದ್ದ, ಅಷ್ಟೇ. ನನಗೆ ಹೋಗುವಂಥದ್ದು ಏನಿತ್ತು? ಆದರೆ ಆ 'ನೀನೇ ತಾನೇ' ಎಂಬ ಮಾತು ನನಗೆ ಚುಚ್ಚಿತು. ನೀನಾದರೆ ಅಲ್ಲ, ನಾನಾದರೆ ಹೌದು — ಅಲ್ಲವೆ?

'ಅಡ್ಗೆ ಎಲ್ಲಾ ಅವನ್ದೇ ಅಲ್ವಾ ಅಜ್ಜಿ, ನಂಗೇನ್ ಗೊತ್ತು' ಅಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. 'ಅವ್ರಪ್ಪ ಒಳೇಲಿ ಬಲೆ ಬುಡೋರು. ನಿಮ್ಗೆ ಏಳಿಲ್ವಾ ಅವ್ನು?' ಅಂದೆ.

ನೀನು ಬರುವ ಹೊತ್ತಿಗೆ ನಿನ್ನ ಟ್ರಂಕು, ಚಾಪೆ, ರಾಗಿಹಿಟ್ಟಿನ ಡಬ್ಬ ಜಗುಲಿಯ ಮೇಲಿದ್ದವು. 'ನನ್ ಪಾತ್ರೆ ಕೆಡಿಸ್ದೆ ಅಂತಲ್ಲ ಕಣಪ್ಪಾ. ಬೇಸಾಯ ಅಂತ ಸುಳ್ಳೇಳ್ಬುಟ್ಟೆ ನನ್ ಕೂಡೆ' ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನೀನು ಕುಕ್ಕರು ನೋಡಿದೆ, ನನ್ನ ಮುಖ ನೋಡಿದೆ. ಮೊಟ್ಟೆ ಯಾರದ್ದೆಂದು ನಿನಗೆ ಆಗಲೇ ತಿಳಿಯಿತು. ನಾನು ಬಾಯಿ ಬಿಡುತ್ತೇನೇನೋ ಎಂದು ನೀನು ಕಾದೆ — ನಾನು ಬಗ್ಗಿ ನಿನ್ನ ಚಾಪೆ ಸುತ್ತತೊಡಗಿದೆ, ದೊಡ್ಡ ಉಪಕಾರಿಯ ಹಾಗೆ. ಮೊಟ್ಟೆ ನಂದಲ್ಲ ಎಂದು ನೀನು ಹೇಳಬಹುದಿತ್ತು. ಬೇಸಾಯ ಎಂದಿದ್ದ ಸುಳ್ಳು ಹೊರಬಿದ್ದಿತ್ತಲ್ಲ, ಅದರ ಮುಂದೆ ನಿನ್ನ ಯಾವ ಮಾತೂ ನಿಲ್ಲುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಟ್ರಂಕು ನಾನೇ ಹೊತ್ತುಕೊಂಡು ಬಂದೆ. 'ಮೊಟ್ಟೆ ಓಗ್ಲಿ ಬುಡ್ಲಾ. ಅಪ್ಪನ್ ವಿಷ್ಯ ಯಾರ್ ಏಳುದ್ರೋ ಅಜ್ಜಿಗೆ' ಅಂದೆ ನೀನು. 'ಗೊತ್ತಿಲ್ಲ ಕಣ್ಲಾ' ಅಂದೆ ನಾನು.

ಆಮೇಲೆ ನೀನು ಊರಿಂದಲೇ ಓಡಾಡಿದೆ. ನಿಮ್ಮೂರ ಬಸ್ಸು ಪೇಟೆ ಸೇರುವ ಹೊತ್ತಿಗೆ ಬೆಳಗಿನ ಲ್ಯಾಬು ಮುಗಿದಿರುತ್ತಿತ್ತು. ಹಾಜರಿ ಕಮ್ಮಿಯಾಯಿತು. ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ನೀನು ಕಾಲೇಜಿಗೆ ಬರುವುದನ್ನೇ ನಿಲ್ಲಿಸಿದೆ. ನಾನು ಪಾಸಾದೆ, ಬಿ.ಎಡ್. ಮಾಡಿದೆ, ಮೇಷ್ಟ್ರಾದೆ. ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಪಾಠ ಮಾಡಿ ಸಂಬಳ ತಿಂದೆ.

ಇಷ್ಟೇ ಆಗಿದ್ದರೆ ಒಂದು ಕೆಟ್ಟ ಗಳಿಗೆ, ಬಾಯಿ ಜಾರಿತು ಎಂದುಕೊಂಡು ಬದುಕಬಹುದಿತ್ತೇನೋ. ಇಷ್ಟೇ ಅಲ್ಲ. ಇನ್ನೊಂದಿದೆ. ಅದು ಬಾಯಿ ಜಾರಿದ್ದಲ್ಲ, ತಿಳಿದು ತಿಳಿದೇ ಮಾಡಿದ್ದು.

ನೀನು ಹೋದ ಮೇಲೆ ಅಜ್ಜಿ ಯಾರ ಕೈಯಲ್ಲೂ ಉಣ್ಣಲಿಲ್ಲ. ಅವಲಕ್ಕಿ ನೆನೆಸಿಕೊಂಡು, ಬಾಳೆಹಣ್ಣು ಹಾಲು ಅಂತ ದಿನ ತಳ್ಳಿದರು. ಕೈಗೆ ಹಾಕಿದ್ದ ಕಟ್ಟು ಬಿಚ್ಚಿದ ಮೇಲೆ, ಸಂಕ್ರಾಂತಿ ಮುಗಿದಿತ್ತು, ನನ್ನನ್ನು ಕರೆದರು. ನೀನು ಕಾಲೇಜು ಬಿಡುವ ಮಟ್ಟಕ್ಕೆ ಆಗ ಇನ್ನೂ ಬಂದಿರಲಿಲ್ಲ. ವಾಪಸು ಬಂದು ಪೇಟೆಯಲ್ಲೇ ಇದ್ದಿದ್ದರೆ ಹಾಜರಿ ತುಂಬಿಕೊಳ್ಳುತ್ತಿತ್ತು. ಅಜ್ಜಿ ನಿನಗೊಂದು ಮಾತು ಹೇಳಿ ಕಳಿಸಿದರು. ವಾಪಸು ಬಾ ಎಂಬ ಮಾತು.

ಮಾರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ನೀನೇ ಸಿಕ್ಕಿದೆ. ಎರಡು ಬಸ್ಸು ಬದಲಾಯಿಸಿ, ಧೂಳು ಹಿಡಿದ ತಲೆ, ಕಂಕುಳಲ್ಲಿ ರೆಕಾರ್ಡ್ ಪುಸ್ತಕ. ಮೊದಲು ಕೇಳಿದ್ದೇ 'ಅಜ್ಜಿ ಕೈ ಎಂಗದೆ ಗೌಡ?' ಅಂತ. 'ವಾಸಿಯಾಯ್ತು' ಅಂದೆ. ಮುಂದಿನ ಮಾತು ಗಂಟಲಿಗೆ ಬಂದಿತ್ತು. ಆದರೆ ನೀನು ವಾಪಸು ಬಂದರೆ ಅಜ್ಜಿಯ ಜೊತೆ ಕೂತು ಮಾತಾಡುತ್ತೀಯ, ಯಾರು ಹೇಳಿದ್ದು ಎಂದು ಕೇಳುತ್ತೀಯ, ಅವರು ನನ್ನ ಹೆಸರು ಹೇಳುತ್ತಾರೆ — ಇದೆಲ್ಲ ನಿನ್ನ ಮುಂದೆ ನಿಂತುಕೊಂಡೇ ಲೆಕ್ಕ ಹಾಕಿದೆ. 'ಬರ್ತೀನಿ ಕಣ್ಲಾ, ಕ್ಲಾಸಿಗೆ ಒತ್ತಾಯ್ತು' ಎಂದು ಹೊರಟೆ. ಸಂಜೆ ಅಜ್ಜಿ ಕಾದಿದ್ದರು. 'ಏಳುದೆ ಅಜ್ಜಿ. ಬರಲ್ವಂತೆ' ಅಂದೆ.

'ಅಷ್ಟು ಕ್ವಾಪವಾ ಅವ್ನಿಗೆ' ಅಂದರು. ಮತ್ತೆ ಕೇಳಲಿಲ್ಲ. ನಾನು ರೂಮು ಬಿಟ್ಟು ಬಂದ ಕೆಲವು ವರ್ಷಕ್ಕೆ ಅವರು ತೀರಿಕೊಂಡರು. ನೀನು ಅವರನ್ನು ಕ್ಷಮಿಸಲಿಲ್ಲ ಎಂದುಕೊಂಡೇ ಹೋದರು. ಅವರು ನಿನ್ನನ್ನು ಮನುಷ್ಯನೆಂದು ಎಣಿಸಲಿಲ್ಲ ಎಂದುಕೊಂಡು ನೀನು ಉಳಿದೆ. ಎರಡನ್ನೂ ಮಾಡಿದವನು ನಡುವೆ ಆರಾಮಾಗಿ ಊಟ ಮಾಡಿಕೊಂಡಿದ್ದ.

ಒಮ್ಮೆ ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ನಿನ್ನನ್ನು ಕಂಡೆ. ಹೆಂಡತಿ, ಚಿಕ್ಕ ಮಗು ಜೊತೆಯಲ್ಲಿದ್ದರು. ನಾನು ಪೇಪರು ಮುಖಕ್ಕೆ ಅಡ್ಡ ಹಿಡಿದುಕೊಂಡೆ. ನೀನು ನಿಂತು ನೋಡಿ ಮುಂದೆ ಹೋದೆ. ನನ್ನ ಗುರುತು ಸಿಕ್ಕಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕ್ಷಮಿಸು ಎನ್ನುವುದಿಲ್ಲ. ಯಾವ ಬಾಯಲ್ಲಿ ಕೇಳಲಿ? ಮಗಳಿಗೆ ನಿನ್ನೆ ಫೋನು ಮಾಡಿ ಆ ಸಾರು ಯಾರದ್ದು, ಅವನಿಗೆ ನಾನು ಏನು ಮಾಡಿದೆ, ಎಲ್ಲ ಹೇಳಿದೆ. ಅವಳು ಫೋನಿಟ್ಟುಬಿಟ್ಟಳು. ಈ ಭಾನುವಾರ ನಿಮ್ಮೂರಿಗೆ ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೂ ಸರಿ, ಆಚೆ ನಿಂತು ಅಜ್ಜಿಯ ಮಾತು ಒಪ್ಪಿಸಿ ಹೋಗುತ್ತೇನೆ. ಸಂಕ್ರಾಂತಿ ಕಳೆದ ಆ ಬೆಳಿಗ್ಗೆ, ಸೊಟ್ಟಗೆ ಕೂಡಿಕೊಂಡಿದ್ದ ಕೈಯನ್ನು ನೀವಿಕೊಳ್ಳುತ್ತಾ ಅವರು ಹೇಳಿದ್ದು ಇಷ್ಟು:

'ಬಲೆನಾರ ಬುಡ್ಲಿ, ಬೇಸಾಯನಾರ ಮಾಡ್ಲಿ, ನಂಗೇನ್ಲಾ. ಕೈ ಮುರ್ಕೊಂಡ್ ಬಿದ್ದಿದ್ದಾಗ ನಂಗೆ ಅನ್ನ ಕೊಟ್ಟೋನು ಅವ್ನು. ಬಂದ್ಬುಡು ಅನ್ನು. ಈ ಸಾರಿ ನಾನೇ ಬೇಯಿಸಿಕ್ತೀನಿ, ಅವ್ನು ಓದ್ಕಳ್ಳಿ.'